ಅಗ್ಗದ ಕೃಪೆ ಒಲ್ಲದ ಪಾದ್ರಿ

1939ರ ಜೂನ್‌ನಲ್ಲಿ ಜರ್ಮನಿಯಿಂದ ನ್ಯೂಯಾರ್ಕಿಗೆ ಬಂದಿಳಿದ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ ಅವರಿಗೆ ಗೆಳೆಯರು ಅಲ್ಲಿ ಕೆಲಸ, ವಸತಿ ಎಲ್ಲ ಹೊಂದಿಸಿಟ್ಟಿದ್ದರು. ಹಿಟ್ಲರನ ಸೇನೆಗೆ ಸೇರುವ ಸಂಕಟವೂ ತಪ್ಪುತ್ತಿತ್ತು. ಅವರೋ, ತಿಂಗಳು ತುಂಬುವ ಮೊದಲೇ ವಾಪಸು ಹಡಗು ಹತ್ತಿದರು. ಕಷ್ಟಕಾಲದಲ್ಲಿ ತನ್ನ ಜನರ ಜೊತೆ ಇರದಿದ್ದರೆ, ಯುದ್ಧ ಮುಗಿದ ಮೇಲೆ ಅಲ್ಲಿನ ಕ್ರೈಸ್ತ ಬದುಕನ್ನು ಮತ್ತೆ ಕಟ್ಟಲು ತನಗೇನು ಹಕ್ಕು ಎಂಬುದು ಅವರ ವಾದ.

ಇದು ದಿಢೀರನೆ ಹುಟ್ಟಿದ ಹುಂಬತನವಲ್ಲ. ಎರಡು ವರ್ಷಗಳ ಹಿಂದೆ, 1937ರಲ್ಲಿ, ಯೇಸುವಿನ ಪರ್ವತ ಪ್ರಸಂಗವನ್ನು ಆಧರಿಸಿ ಅವರು ಶಿಷ್ಯತ್ವದ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಅದರ ಸಿಟ್ಟೆಲ್ಲ ‘ಅಗ್ಗದ ಕೃಪೆ’ಯ ಮೇಲೆ. ದೇವರು ಹೇಗೂ ಕ್ಷಮಿಸುತ್ತಾನೆಂದು ನಂಬಿ, ಬದುಕಿನಲ್ಲಿ ಏನನ್ನೂ ಬದಲಿಸದ ಭಕ್ತಿ ಅದು. ಯೆಹೂದಿ ಮೂಲದ ಪಾದ್ರಿಗಳನ್ನು ಹೊರಹಾಕಲು 1933ರಲ್ಲೇ ಒಪ್ಪಿದ್ದ ಚರ್ಚು ಅವರ ಕಣ್ಣೆದುರಿಗಿತ್ತು.

ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂಬ ಯೇಸುವಿನ ಮಾತು ಲೂಕನ ಸುವಾರ್ತೆಯಲ್ಲಿದೆ. ಬಾನ್‌ಹಾಫರ್ ಅವರಿಗೆ ಈ ಖರ್ಚು ಕಂತುಕಂತಾಗಿ ಬಂತು. 1936ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಹಕ್ಕು ಹೋಯಿತು. ಮರುವರ್ಷ ಫಿಂಕನ್‌ವಾಲ್ಡ್‌ನಲ್ಲಿ ಅವರು ನಡೆಸುತ್ತಿದ್ದ ಸೆಮಿನರಿಗೆ, ಅಂದರೆ ಪಾದ್ರಿಗಳ ತರಬೇತಿ ಶಾಲೆಗೆ, ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಬೀಗ ಜಡಿಯಿತು. ಆಮೇಲೆ ಭಾಷಣಕ್ಕೆ ನಿಷೇಧ, ಬರಹಕ್ಕೂ ನಿಷೇಧ. ಈ ಸೆಮಿನರಿಯ ಹೊಣೆ ಹೆಗಲೇರಿದ್ದರಿಂದಲೇ ಅವರ ಇನ್ನೊಂದು ಆಸೆಯೂ ಕೈತಪ್ಪಿತ್ತು: ಗಾಂಧೀಜಿ ಜೊತೆ ಇದ್ದು ಅಹಿಂಸೆಯನ್ನು ಕಲಿಯುವುದು. ಬನ್ನಿ ಎಂದು ಗಾಂಧೀಜಿ 1934ರಲ್ಲೇ ಪತ್ರ ಬರೆದಿದ್ದರು.

ಅಹಿಂಸೆಯತ್ತ ಅಷ್ಟು ಒಲವಿದ್ದ ಆ ಮನುಷ್ಯ ಕಡೆಗೆ ಸೇರಿದ್ದು ಹಿಟ್ಲರನನ್ನು ಕೊಲ್ಲುವ ಸಂಚುಗಾರರನ್ನು. ಸೇನಾ ಗುಪ್ತಚರ ಇಲಾಖೆಯ ನೌಕರನೆಂಬ ಸೋಗಿನಲ್ಲಿ ಅವರು ವಿದೇಶಗಳಿಗೆ ಸುದ್ದಿ ಒಯ್ದರು. ಕೊಲೆ ಪಾಪವಲ್ಲವೆಂದು ಅವರು ಎಂದೂ ಸಮರ್ಥಿಸಿಕೊಳ್ಳಲಿಲ್ಲ. ಪಾಪವೇ ಹೌದು, ಅದರ ಹೊಣೆ ತನ್ನದು ಎಂದರು. ಪ್ರಾಣಕ್ಕಿಂತ ದುಬಾರಿಯಾದದ್ದನ್ನು ಅವರು ತೆತ್ತದ್ದು ಇಲ್ಲೇ: ತಾನು ಶುದ್ಧ ಎಂಬ ನೆಮ್ಮದಿಯನ್ನು. ಹುತಾತ್ಮರ ಕಥೆ ಹೇಳುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ.

1943ರ ಏಪ್ರಿಲ್‌ನಲ್ಲಿ ಬಂಧನವಾಯಿತು. ಮರಿಯಾ ಫಾನ್ ವೆಡಮಾಯರ್ ಜೊತೆ ಮದುವೆ ಗೊತ್ತಾಗಿ ಆಗಿನ್ನೂ ಮೂರು ತಿಂಗಳು. ಕಾವಲುಗಾರನೊಬ್ಬ ಜೈಲಿನಿಂದ ಪಾರು ಮಾಡಲು ತಯಾರಿದ್ದ. ಮನೆಯವರಿಗೆ ಅಪಾಯವಾದೀತೆಂದು ಬಾನ್‌ಹಾಫರ್ ಬೇಡವೆಂದರು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ವಯಸ್ಸು 39. ಎರಡೇ ವಾರಕ್ಕೆ ಅಮೆರಿಕದ ಸೈನಿಕರು ಅಲ್ಲಿಗೆ ತಲುಪಿದರು. ಅಣ್ಣ ಕ್ಲಾಸ್ ಮತ್ತು ಇಬ್ಬರು ಭಾವಂದಿರೂ ನಾಜಿಗಳ ಕೈಯಲ್ಲೇ ಸತ್ತರು.

1953ರಲ್ಲಿ ಫ್ಲಾಸೆನ್‌ಬುರ್ಗ್‌ನಲ್ಲಿ ಸ್ಮಾರಕ ಫಲಕ ಇಟ್ಟಾಗ ಬವೇರಿಯದ ಬಿಷಪ್ ಹಾನ್ಸ್ ಮೈಸರ್ ಬರಲಿಲ್ಲ. ಬಾನ್‌ಹಾಫರ್ ಸತ್ತದ್ದು ರಾಜಕೀಯಕ್ಕಾಗಿ, ಧರ್ಮಕ್ಕಾಗಿ ಅಲ್ಲ ಎಂಬುದು ಅವರ ನಿಲುವು. ಬಾನ್‌ಹಾಫರ್ ಮೇಲಿನ ಮರಣದಂಡನೆಯ ತೀರ್ಪಿಗೆ ಬೆಲೆಯಿಲ್ಲವೆಂದು ಬರ್ಲಿನ್ ನ್ಯಾಯಾಲಯ ಸಾರಿದ್ದು 1996ರಲ್ಲಿ.