‘ಸಾಕಷ್ಟು’ ಎಂಬ ಪದದ ಅರ್ಥನಿರ್ಣಯ: ಅಮೆರಿಕದ ಶುಶ್ರೂಷಾಲಯಗಳ ಪ್ರಸಂಗ

ಶಾಸನಗಳಲ್ಲಿ ಬರತಕ್ಕ ಪದಗಳ ಅರ್ಥವನ್ನು ನಿರ್ಣಯಿಸುವುದು ನ್ಯಾಯಶಾಸ್ತ್ರಜ್ಞರ ಕೆಲಸವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸುಮಾರು ನಾಲ್ವತ್ತು ವರ್ಷಗಳಿಂದ ನಡೆದುಬಂದಿರುವ ಒಂದು ವಿವಾದವು ಶಬ್ದಾರ್ಥವಿಚಾರದಲ್ಲಿ ಆಸಕ್ತಿಯುಳ್ಳವರೆಲ್ಲರೂ ಗಮನಿಸತಕ್ಕುದಾಗಿದೆ. ವಿವಾದದ ಮೂಲದಲ್ಲಿರುವುದು ‘ಸಾಕಷ್ಟು’ ಎಂಬರ್ಥದ ಒಂದು ವಿಶೇಷಣ ಮಾತ್ರ. ಅದರ ಫಲವನ್ನು ಅನುಭವಿಸತಕ್ಕವರಾದರೋ ಸುಮಾರು ಹನ್ನೆರಡು ಲಕ್ಷ ಮಂದಿ ವೃದ್ಧರು ಮತ್ತು ಅಶಕ್ತರು.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ‘ನರ್ಸಿಂಗ್ ಹೋಮ್’ ಎಂದರೆ ನಮ್ಮ ಊರುಗಳಲ್ಲಿ ಖಾಸಗಿಯವರ ಸಣ್ಣ ಆಸ್ಪತ್ರೆ. ಅಮೆರಿಕದಲ್ಲಿ ಆ ಹೆಸರಿಗೆ ಬೇರೆಯೇ ಅರ್ಥವಿದೆ. ತಮ್ಮ ಮೈಯನ್ನು ತಾವೇ ನೋಡಿಕೊಳ್ಳಲಾರದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ವಾಸಿಸುವ ನಿಲಯವದು. ಇದನ್ನು ಇಲ್ಲಿ ‘ಶುಶ್ರೂಷಾಲಯ’ವೆಂದು ಕರೆದಿದೆ. ಇಂಥವು ಆ ದೇಶದಲ್ಲಿ ಸುಮಾರು ೧೫,೦೦೦ ಇವೆ. ಅಲ್ಲಿಯ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಆರು ಮಂದಿಯ ವೆಚ್ಚವನ್ನು ೧೯೬೫ರಲ್ಲಿ ಸ್ಥಾಪಿತವಾದ ಮೆಡಿಕೈಡ್ ಎಂಬ ಸರ್ಕಾರೀ ನಿಧಿಯು ವಹಿಸುತ್ತದೆ. ಹಣ ಕೊಡತಕ್ಕ ಸರ್ಕಾರವು ನಿಯಮಗಳನ್ನು ವಿಧಿಸುವುದು ಈ ಕಾರಣದಿಂದಲೇ.

ಈ ನಿಲಯಗಳ ದುಃಸ್ಥಿತಿಯನ್ನು ಕುರಿತು ೧೯೮೬ರಲ್ಲಿ ಅಲ್ಲಿಯ ವೈದ್ಯವಿದ್ವತ್ಸಂಸ್ಥೆಯೊಂದರ ವರದಿಯು ಹೊರಬಂದಿತು. ಮರುವರ್ಷ ಸುಧಾರಣಾ ಶಾಸನವು ಅಂಗೀಕೃತವಾಯಿತು. ನಿವಾಸಿಗಳ ಅವಶ್ಯಕತೆಗಳನ್ನು ಪೂರೈಸಲು ಸಾಕಾಗುವಷ್ಟು ಶುಶ್ರೂಷೆಯು ಹಗಲಿರುಳೂ ದೊರೆಯಬೇಕು, ನೋಂದಾಯಿತ ದಾದಿಯೊಬ್ಬಳು ದಿನಕ್ಕೆ ೮ ಗಂಟೆಗಳ ಕಾಲವಾದರೂ ವಾರದ ಏಳು ದಿನವೂ ಇರಬೇಕು, ಸಹಾಯಕರಿಗೆ ೭೫ ಗಂಟೆಗಳಿಗೆ ಕಡಮೆಯಿಲ್ಲದ ಶಿಕ್ಷಣವಾಗಿರಬೇಕು ಎಂಬುದು ಅದರ ವಿಧಿ. ದಾದಿಗೂ ಶಿಕ್ಷಣಕ್ಕೂ ಸಂಖ್ಯೆಯುಂಟು. ಒಟ್ಟು ಶುಶ್ರೂಷೆಗೆ ಮಾತ್ರ ಸಂಖ್ಯೆಯಿಲ್ಲ. ವಿಧಿವಾಕ್ಯದಲ್ಲಿ ಪರಿಮಾಣವನ್ನು ಹೇಳದಿದ್ದರೆ ಅದನ್ನು ಎಲ್ಲಿಂದ ತರಬೇಕೆಂಬುದು ನಮ್ಮ ಮೀಮಾಂಸಕರಿಗೂ ಪರಿಚಿತವಾದ ಪ್ರಶ್ನೆಯೇ.

ಕನ್ನಡದ ‘ಸಾಕು’ ಎಂಬ ಪದವು ಇಲ್ಲಿ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಅದು ಚತುರ್ಥೀ ವಿಭಕ್ತಿಯನ್ನು ಬಯಸತಕ್ಕ ಪದ: ‘ನನಗೆ ಸಾಕು’, ‘ಮನೆಗೆ ಸಾಕು’. ಯಾರಿಗೆ ಎಂಬುದನ್ನು ಹೇಳದೆ ‘ಸಾಕಷ್ಟು’ ಎಂದರೆ ಮಾತು ಅರೆಯಾಗಿಯೇ ಉಳಿಯುವುದು. ನಿಲಯದ ಒಡೆಯನಿಗೆ ಸಾಕೆನಿಸಿದುದು ಮಂಚ ಹಿಡಿದವನಿಗೆ ಸಾಕಾಗದೆ ಇರಬಹುದು. ಹಾಸಿಗೆಯಿಂದ ಏಳಲಾರದವನನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ತಿರುಗಿಸುವುದು ವಾಡಿಕೆ. ತಪ್ಪಿದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ತುತ್ತು ನುಂಗುವುದು ಕಷ್ಟವಾದವನಿಗೆ ಅವಸರದಿಂದ ಉಣಿಸಿದರೆ ಅನ್ನವು ಶ್ವಾಸನಾಳಕ್ಕೆ ಹೋಗುವ ಭಯವುಂಟು. ಇವೆಲ್ಲವೂ ಕಾಲವನ್ನು ಬೇಡತಕ್ಕ ಕೆಲಸಗಳು. ಆದುದರಿಂದ ‘ಸಾಕಷ್ಟು’ ಎಂಬುದನ್ನು ಗಂಟೆಗಳಲ್ಲಿ ಅಳೆಯುವ ಪ್ರಯತ್ನವು ಸಹಜವಾಗಿಯೇ ಹುಟ್ಟಿತು.

೨೦೦೧ರಲ್ಲಿ ಸರ್ಕಾರವು ಅಲ್ಲಿಯ ಶಾಸನಸಭೆಗೆ ಒಪ್ಪಿಸಿದ ವರದಿಯೊಂದು, ಒಬ್ಬ ನಿವಾಸಿಗೆ ದಿನಕ್ಕೆ ೪.೧ ಗಂಟೆಗಳಿಗಿಂತ ಕಡಮೆ ಶುಶ್ರೂಷೆ ದೊರೆತರೆ ದೀರ್ಘಕಾಲ ಇರುವವರಿಗೆ ಹಾನಿಯ ಸಂಭವವು ಹೆಚ್ಚುವುದೆಂದು ಕಂಡುಕೊಂಡಿತು. ಆ ಸಂಖ್ಯೆಯು ಎರಡು ದಶಕಗಳ ಕಾಲ ಕಾಗದದಲ್ಲಿಯೇ ಉಳಿಯಿತು. ನಿಲಯಗಳು ತಾವೇ ಬರೆದುಕೊಡುತ್ತಿದ್ದ ಲೆಕ್ಕಕ್ಕೆ ಬದಲಾಗಿ ಸಂಬಳದ ಪಟ್ಟಿಗಳಿಂದಲೇ ಹಾಜರಿಯನ್ನು ತೆಗೆಯುವ ಪದ್ಧತಿಯು ೨೦೧೬ರಲ್ಲಿ ಬಂದಮೇಲೆ, ಶನಿವಾರ ಭಾನುವಾರಗಳಲ್ಲಿ ಕೆಲಸದವರ ಸಂಖ್ಯೆಯು ಬಹಳವಾಗಿ ಇಳಿಯುತ್ತಿದ್ದುದು ಬೆಳಕಿಗೆ ಬಂದಿತು. ೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕವು ಬಂದೆರಗಿ, ನಿವಾಸಿಗಳೂ ಸಿಬ್ಬಂದಿಯೂ ಸೇರಿ ಮೃತರ ಸಂಖ್ಯೆಯು ಕ್ರಮೇಣ ಎರಡು ಲಕ್ಷವನ್ನು ದಾಟಿತು. ಆಮೇಲೆಯೇ ಸಂಖ್ಯೆಗೆ ಮರುಜೀವ ಬಂದುದು.

೨೦೨೪ರ ಏಪ್ರಿಲ್ ತಿಂಗಳಲ್ಲಿ ಹೊರಟ ನಿಯಮದ ಪ್ರಕಾರ ಪ್ರತಿ ನಿವಾಸಿಗೆ ದಿನಕ್ಕೆ ೩.೪೮ ಗಂಟೆಗಳ ಶುಶ್ರೂಷೆ ಸಲ್ಲಬೇಕು. ಅದರಲ್ಲಿ ನೋಂದಾಯಿತ ದಾದಿಯ ಪಾಲು ೦.೫೫, ಸಹಾಯಕರದು ೨.೪೫. ಇದಲ್ಲದೆ ನೋಂದಾಯಿತ ದಾದಿಯೊಬ್ಬಳು ದಿನದ ೨೪ ಗಂಟೆಯೂ ನಿಲಯದಲ್ಲಿರಬೇಕು. ಭಿನ್ನರಾಶಿಗಳನ್ನು ಕಂಡು ವಾಚಕರು ಬೇಸರಪಡಬಾರದು. ಬಿಡಿಸಿ ನೋಡಿದರೆ ವಿಷಯವು ಸುಲಭ. ೧೦೦ ಮಂದಿ ಇರುವ ನಿಲಯಕ್ಕೆ ದಿನಕ್ಕೆ ಸಹಾಯಕರ ೨೪೫ ಗಂಟೆಗಳ ಕೆಲಸ ಬೇಕು. ಎಂಟೆಂಟು ಗಂಟೆಗಳ ಮೂರು ಪಾಳಿಗಳಿಗೆ ಸಮನಾಗಿ ಹಂಚಿದರೆ ಒಂದೊಂದು ಪಾಳಿಗೆ ಸುಮಾರು ಹತ್ತು ಮಂದಿ. ಅಂದರೆ ಒಬ್ಬ ಸಹಾಯಕಿಗೆ ಹತ್ತು ಜನ ಅಶಕ್ತರು. ಇದನ್ನು ಅತ್ಯಾಶೆಯೆಂದು ಹೇಳಲು ನನಗೆ ಮನಸ್ಸು ಬಾರದು.

ಆದರೂ ನಿಲಯಗಳ ಪೈಕಿ ನೂರಕ್ಕೆ ಸುಮಾರು ೭೯ರಲ್ಲಿ ಹೊಸದಾಗಿ ಜನರನ್ನು ಸೇರಿಸಿಕೊಳ್ಳಬೇಕಾಗುವುದೆಂದೂ, ಹತ್ತು ವರ್ಷಗಳಲ್ಲಿ ೪,೩೦೦ ಕೋಟಿ ಡಾಲರುಗಳು ವೆಚ್ಚವಾಗುವುವೆಂದೂ ಸರ್ಕಾರವೇ ಅಂದಾಜು ಮಾಡಿತು. ಅಷ್ಟು ಹಣವನ್ನು ಯಾರು ಕೊಡಬೇಕೆಂಬುದಕ್ಕೆ ನಿಯಮದಲ್ಲಿ ಉತ್ತರವಿರಲಿಲ್ಲ. ಜನರನ್ನು ಎಲ್ಲಿಂದ ತರಬೇಕೆಂಬುದು ಇದಕ್ಕಿಂತ ಕಠಿನವಾದ ಪ್ರಶ್ನೆ. ೨೦೧೭ ಮತ್ತು ೨೦೧೮ರ ಸಂಬಳದ ಪಟ್ಟಿಗಳನ್ನು ಆಧರಿಸಿ ೨೦೨೧ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶುಶ್ರೂಷಾ ಸಿಬ್ಬಂದಿಯು ಕೆಲಸ ಬಿಟ್ಟುಹೋಗುವ ವಾರ್ಷಿಕ ಪ್ರಮಾಣವು ಸರಾಸರಿ ಶೇಕಡ ೧೨೮ ಎಂದು ಕಂಡುಬಂದಿದೆ. ನೂರನ್ನು ಮೀರಿದ ಶೇಕಡವು ವಿಚಿತ್ರವೆನಿಸಬಹುದು. ಒಂದೇ ಹುದ್ದೆಯು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ತೆರವಾದರೆ ಹಾಗಾಗುವುದು. ಹೀಗಿರುವಲ್ಲಿ ಕೊರತೆಯೆಂಬುದನ್ನು ಬರಿಯ ಜನಾಭಾವವೆಂದು ತಿಳಿಯುವುದು ಸರಿಯಲ್ಲ. ಜನರು ಬರುತ್ತಾರೆ, ಅಲ್ಪವೇತನವನ್ನೂ ಸೊಂಟ ಮುರಿಯುವ ದುಡಿಮೆಯನ್ನೂ ಕಂಡು ಹೊರಟುಹೋಗುತ್ತಾರೆ. ಹೊರದೇಶದಿಂದ ತರಿಸಿಕೊಳ್ಳುವ ದಾರಿಯೂ ಅರ್ಧ ಮಾತ್ರ ತೆರೆದಿದೆ. ಬೆಂಗಳೂರು ಮಂಗಳೂರುಗಳ ಕಾಲೇಜುಗಳಲ್ಲಿ ಕಲಿತ ದಾದಿಯರೂ ಹೋಗತಕ್ಕ ಆ ದಾರಿಯಲ್ಲಿ ನೋಂದಾಯಿತ ದಾದಿಯರಿಗೆ ವಿಶೇಷ ಸೌಕರ್ಯವುಂಟು, ಸಹಾಯಕರಿಗೆ ಅದಿಲ್ಲ. ಹೆಚ್ಚಾಗಿ ಬೇಕಾದವರಾದರೋ ಸಹಾಯಕರೇ.

ನಿಲಯಗಳ ಒಡೆಯರ ಸಂಘದವರು ನ್ಯಾಯಾಲಯಕ್ಕೆ ಹೋದರು. ೨೦೨೫ರ ಏಪ್ರಿಲ್ ೭ರಂದು ಟೆಕ್ಸಾಸಿನ ಸಂಯುಕ್ತ ನ್ಯಾಯಾಲಯವು ನಿಯಮದ ಮುಖ್ಯಭಾಗಗಳನ್ನು ರದ್ದುಮಾಡಿತು. ತೀರ್ಪಿನ ತರ್ಕವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟುದು: ಶಾಸನವು ೮ ಗಂಟೆಯೆಂದು ಹೇಳಿರುವಲ್ಲಿ ಇಲಾಖೆಯು ೨೪ ಎಂದು ಓದಲಾಗದು, ‘ಸಾಕಷ್ಟು’ ಎಂಬುದನ್ನು ಆಯಾ ನಿಲಯದ ನಿವಾಸಿಗಳ ಅವಶ್ಯಕತೆಗೆ ಕಟ್ಟಿರುವಾಗ ಎಲ್ಲರಿಗೂ ಒಂದೇ ಸಂಖ್ಯೆಯನ್ನು ವಿಧಿಸಲಾಗದು. ಅಂದರೆ ಆ ಚತುರ್ಥಿಯೇ ಸಂಖ್ಯೆಯನ್ನು ಹೊರದೂಡಿತು! ವ್ಯಾಕರಣದ ದೃಷ್ಟಿಯಿಂದ ಈ ವ್ಯಾಖ್ಯಾನವನ್ನು ಅಲ್ಲಗಳೆಯುವುದು ಕಷ್ಟ. ಆದರೆ ಪ್ರತಿಯೊಬ್ಬನ ಅವಶ್ಯಕತೆಯೂ ಬೇರೆಯೆಂಬುದರಿಂದ ಯಾರಿಗೂ ಕನಿಷ್ಠವಾದ ಮಿತಿಯಿರಕೂಡದೆಂದು ಸಿದ್ಧಿಸುವುದಿಲ್ಲ. ಹಸಿವು ಬೇರೆಬೇರೆಯಾದರೂ ಪಡಿಗೆ ಒಂದು ಕೆಳಮಿತಿಯನ್ನು ಇಡುವುದುಂಟಷ್ಟೆ.

ಜೂನ್ ತಿಂಗಳಲ್ಲಿ ಅಯೋವಾ ನ್ಯಾಯಾಲಯವೂ ಇದೇ ಮಾರ್ಗವನ್ನು ಹಿಡಿಯಿತು. ಜುಲೈ ೪ರಂದು ಸಹಿಯಾದ ಹೊಸ ಶಾಸನವು ನಿಯಮದ ಆಚರಣೆಯನ್ನು ೨೦೩೪ರ ಸೆಪ್ಟೆಂಬರ್ ಅಂತ್ಯದವರೆಗೆ ತಡೆಯಿತು. ಡಿಸೆಂಬರಿನಲ್ಲಿ ಇಲಾಖೆಯೇ ಅದನ್ನು ಹಿಂತೆಗೆದುಕೊಂಡಿತು. ಪ್ರತಿಯೊಂದು ನಿಲಯವೂ ತನ್ನ ನಿವಾಸಿಗಳ ಸ್ಥಿತಿಯನ್ನು ಪರಿಶೀಲಿಸಿ ತನಗೆ ಬೇಕಾದ ಸಿಬ್ಬಂದಿಯನ್ನು ಬರೆದಿಡಬೇಕೆಂಬ ವಿಧಿಯು ಮಾತ್ರ ಉಳಿದುಕೊಂಡಿದೆ. ಹೀಗೆ ‘ಸಾಕಷ್ಟು’ ಎಂಬುದರ ಪ್ರಥಮ ವ್ಯಾಖ್ಯಾನಕಾರನು ಪುನಃ ನಿಲಯದ ಒಡೆಯನೇ ಆಗಿದ್ದಾನೆ. ಕೆಲವು ಸಂಸ್ಥಾನಗಳು ತಮ್ಮವೇ ಆದ ಶಾಸನಗಳಿಂದ ಸಂಖ್ಯೆಯನ್ನು ಗೊತ್ತುಮಾಡಿವೆ. ಕ್ಯಾಲಿಫೋರ್ನಿಯಾದಲ್ಲಿ ೨೦೧೮ರಿಂದಲೂ ನ್ಯೂಯಾರ್ಕಿನಲ್ಲಿ ೨೦೨೨ರಿಂದಲೂ ಅದು ೩.೫ ಗಂಟೆ, ಕೇಂದ್ರಸರ್ಕಾರವು ಇಟ್ಟು ಉಳಿಸಿಕೊಳ್ಳಲಾರದೆ ಹೋದ ಸಂಖ್ಯೆಗಿಂತ ಒಂದು ನಿಮಿಷಕ್ಕಿಂತ ತುಸು ಹೆಚ್ಚು.