ಸರ್ವರ್‌ಲೆಸ್ ಡೇಟಾಬೇಸನ್ನು ಆರಿಸಿಕೊಳ್ಳುವ ಕ್ರಮ

ಗ್ರಾಮಗಳ ಸಹಕಾರ ಸಂಘದವರು ಸದಸ್ಯರ ಖಾತೆ, ಬೀಜ ಗೊಬ್ಬರಗಳ ದಾಸ್ತಾನು ಮುಂತಾದವುಗಳಿಗಾಗಿ ಸಾಫ್ಟ್‌ವೇರನ್ನು ಮಾಡಿಸುವಾಗ, ಆ ಲೆಕ್ಕಗಳನ್ನೆಲ್ಲ ಇಡತಕ್ಕ ಡೇಟಾಬೇಸು ಯಾವುದೆಂಬುದನ್ನು ಮೊದಲು ಗೊತ್ತುಮಾಡಬೇಕಾಗುತ್ತದೆ. ಸರ್ವರ್‌ಲೆಸ್ ಎಂದರೆ ಯಂತ್ರವೇ ಇಲ್ಲವೆಂದಲ್ಲ, ಯಂತ್ರವು ಕಂಪೆನಿಯವರದು, ಅದರ ಪಾಲನೆಯೂ ಅವರದೇ, ಬಳಸಿದಷ್ಟಕ್ಕೆ ಬಾಡಿಗೆ. ಬಿತ್ತನೆಯ ಕಾಲದಲ್ಲಿ ನೂಕುನುಗ್ಗಲು, ಬೇಸಗೆಯಲ್ಲಿ ವಿರಾಮ ಇರುವ ಕೆಲಸಕ್ಕೆ ಇದು ಅನುಕೂಲವೇ ಸರಿ. ವರ್ಷವಿಡೀ ಸಮನಾಗಿ ನಡೆಯುವ ಕೆಲಸಕ್ಕಾದರೋ ತಿಂಗಳ ಬಾಡಿಗೆಯ ಯಂತ್ರವೇ ಅಗ್ಗವಾಗುವುದುಂಟು. ಉಚಿತವೆಂಬ ಮಾತನ್ನು ನೆಚ್ಚಲಾಗದು. ಪ್ಲಾನೆಟ್‌ಸ್ಕೇಲ್ ಕಂಪೆನಿಯವರು 2024ರಲ್ಲಿ ತಮ್ಮ ಉಚಿತ ಯೋಜನೆಯನ್ನು ನಿಲ್ಲಿಸಿದರು.

ದರಕ್ಕಿಂತಲೂ ಮುಖ್ಯವಾಗಿ ನೋಡತಕ್ಕದ್ದು, ಇಟ್ಟ ಲೆಕ್ಕವನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ. ಫಾನಾ ಎಂಬ ಸೇವೆಯು 2025ನೆಯ ಮೇ 30ರಂದು ಮುಚ್ಚಿಹೋಯಿತು. ಸೂಚನೆ ಬಂದದ್ದು ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ. ಅದರ ಪ್ರಶ್ನಾಭಾಷೆಯು ಅದಕ್ಕೇ ಮೀಸಲಾಗಿದ್ದುದರಿಂದ, ಅದನ್ನು ನಂಬಿ ಕಟ್ಟಿದ ಸಾಫ್ಟ್‌ವೇರಿನ ಆ ಭಾಗವನ್ನು ಹೊಸದಾಗಿ ಬರೆಯದೆ ಗತ್ಯಂತರವಿರಲಿಲ್ಲ. ನಿಯಾನ್‌ನಲ್ಲಿ ನಡೆಯುವುದು ಯಾರೂ ಉಪಯೋಗಿಸಬಹುದಾದ ಪೋಸ್ಟ್‌ಗ್ರೆಸ್ ಪದ್ಧತಿ. ಅಮೆಜಾನಿನವರ ಅರೋರಾದಲ್ಲಿಯೂ ಅದನ್ನು ಆರಿಸಿಕೊಳ್ಳಬಹುದು. ಇಂಥಲ್ಲಿ ಲೆಕ್ಕವನ್ನು ಇಳಿಸಿಕೊಂಡು ಬೇರೊಂದು ಪೋಸ್ಟ್‌ಗ್ರೆಸ್ ಯಂತ್ರದಲ್ಲಿ ಇಡಲು ಬರುತ್ತದೆ. ಕರಾರಿಗೆ ರುಜು ಹಾಕುವುದಕ್ಕೆ ಮುಂಚೆ, ಹಾಗೆ ಒಮ್ಮೆ ಇಳಿಸಿ ತೋರಿಸುವಂತೆ ಸಾಫ್ಟ್‌ವೇರ್ ಮಾಡುವವರನ್ನು ಕೇಳತಕ್ಕದ್ದು.