ಪತ್ರಾಸಿನ ಒಳಮೂಲೆ ಸೋರುವುದೇಕೆ?

ಪ್ರಶ್ನೆ: ಎರಡು ಇಳಿಜಾರು ಕೂಡುವ ಒಳಮೂಲೆಯಲ್ಲೇ ನಮ್ಮ ಪತ್ರಾಸ್ ಸೋರುತ್ತದೆ, ಯಾಕೆ? (ಓದುಗರು, ಕಿಣ್ಣಿ ಸುಲ್ತಾನ, ಆಳಂದ ತಾಲ್ಲೂಕು)

ಉತ್ತರ: ನಿಮ್ಮ ಕಡೆಯ ಮಣ್ಣಿನ ಮಾಳಿಗೆಗೆ ಈ ಮೂಲೆಯೇ ಇರಲಿಲ್ಲ, ಇಳಿಜಾರಿನ ಜೊತೆ ಅದೂ ಬಂತು. ಎರಡೂ ಕಡೆಯ ಮಳೆನೀರು ಅಲ್ಲಿಗೇ ಇಳಿಯುತ್ತದೆ. ಹಾಗಾಗಿ ಪತ್ರಾಸಿಗೂ ಮೊದಲು ಅಗಲವಾದ ದೋಣಿ ತಗಡನ್ನು ಕೆಳಗಿನಿಂದ ಮೇಲಕ್ಕೆ ಕೂರಿಸಬೇಕು, ಮೇಲಿನ ತುಂಡು ಕೆಳಗಿನದರ ಮೇಲೆ ಬರುವಂತೆ. ಆಮೇಲೆ ಪತ್ರಾಸನ್ನು ಗೆರೆ ಎಳೆದು ಓರೆಯಾಗಿ ಕತ್ತರಿಸಿ, ಎರಡೂ ಬದಿಯಿಂದ ದೋಣಿ ತಗಡಿನ ಮೇಲೆ ಚಾಚಬೇಕು. ನಡುವೆ 4 ಬೆರಳಿಗೂ ಹೆಚ್ಚು ಹಾದಿ ತೆರೆದಿರಲಿ. ಆ ಹಾದಿಯಲ್ಲಿ ಸ್ಕ್ರೂ ಬೇಡವೇ ಬೇಡ. ಸೋರಿಕೆ ಹೆಚ್ಚಾಗಿ ಸ್ಕ್ರೂ ತೂತಿನಿಂದಲೇ. ಕಟಿಂಗ್ ಮೆಷಿನ್ನಿನ ಕಿಡಿ ಸತುವಿನ ಲೇಪ ಸುಟ್ಟು ತುಕ್ಕಿಗೆ ದಾರಿಮಾಡುತ್ತದೆ, ಕೈಗತ್ತರಿಯೇ ಒಳ್ಳೆಯದು. ಬೇವಿನೆಲೆ ಕಟ್ಟಿಕೊಂಡರೂ ನೀರು ಅಂಚಿನಡಿ ನುಗ್ಗುತ್ತದೆ. ಮಿರಗದ ಮಳೆಗೆ ಮುನ್ನ ತಪ್ಪದೆ ಗುಡಿಸಿ.